ಕೊರತೆಗೆ ಅಳತೆಗೋಲು: ಸರ್ಕಾರದ ನೀತಿ ಸಲಹೆಗಾರರ ವೃತ್ತಿ

ಸರ್ಕಾರದಲ್ಲಿ ನಿರ್ಧಾರ ಕೈಗೊಳ್ಳುವ ಅಧಿಕಾರ ಸಚಿವರದು, ಅದನ್ನು ಆದೇಶವಾಗಿ ಹೊರಡಿಸಿ ಜಾರಿಗೆ ತರುವ ಹೊಣೆ ಇಲಾಖೆಯ ಕಾರ್ಯದರ್ಶಿಯಿಂದ ತಾಲ್ಲೂಕು ಕಚೇರಿಯವರೆಗಿನ ಅಧಿಕಾರಿಗಳದು. ಇವರ ನಡುವೆ ಯಾವ ಆದೇಶಕ್ಕೂ ಸಹಿ ಹಾಕದೆ, ಯಾವ ಖಜಾನೆಯಿಂದಲೂ ಹಣ ಬಿಡುಗಡೆ ಮಾಡದೆ, ಇಂಥ ಕ್ರಮ ಕೈಗೊಂಡರೆ ಇಂಥ ಫಲ ದೊರೆತೀತು, ಅದಕ್ಕೆ ಇಷ್ಟು ಖರ್ಚಾದೀತು ಎಂದು ಲೆಕ್ಕ ಹಾಕಿ ಬರೆದುಕೊಡುವವರನ್ನು ನೀತಿ ಸಲಹೆಗಾರರು ಎಂದು ಕರೆಯುವುದು ವಾಡಿಕೆ. ಅವರ ಬರಹ ಬಹುಮಟ್ಟಿಗೆ ಕಡತದೊಳಗಿನ ಟಿಪ್ಪಣಿಯಾಗಿ ಉಳಿಯುತ್ತದೆ, ಇಲ್ಲವೇ ಸಮಿತಿಯ ವರದಿಯಾಗಿ ವಿಧಾನಸೌಧದ ಗ್ರಂಥಾಲಯವನ್ನು ಸೇರುತ್ತದೆ. ಹೀಗಿದ್ದರೂ ಒಂದು ಊರಿಗೆ ಕಾಲೇಜು ಬರುವುದು, ಒಂದು ತಾಲ್ಲೂಕಿಗೆ ಹೆಚ್ಚಿನ ಅನುದಾನ ಸಿಗುವುದು ಎಷ್ಟೋ ಸಲ ಇಂಥ ಬರಹದ ಒಂದು ಕೋಷ್ಟಕವನ್ನು ಅವಲಂಬಿಸಿರುತ್ತದೆ ಎಂಬುದರಿಂದ, ಈ ವೃತ್ತಿಯ ಸ್ವರೂಪವನ್ನು ಜನಸಾಮಾನ್ಯರು ತಿಳಿದಿರಬೇಕಾಗುತ್ತದೆ.

ಈ ವೃತ್ತಿಗೆ ಪ್ರವೇಶಿಸಲು ಒಂದೇ ಬಾಗಿಲಿಲ್ಲ. ಕೇಂದ್ರ ಸರ್ಕಾರದಲ್ಲಿ 1961ರಲ್ಲಿ ರಚನೆಯಾದ ಭಾರತೀಯ ಆರ್ಥಿಕ ಸೇವೆ ಎಂಬ ಪ್ರತ್ಯೇಕ ಸೇವೆಯಿದ್ದು, ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದವರು ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಯ ಮೂಲಕ ಅದನ್ನು ಸೇರಿ, ಬೇರೆ ಬೇರೆ ಸಚಿವಾಲಯಗಳಲ್ಲಿ ಸಹಾಯಕ ನಿರ್ದೇಶಕರ ಹುದ್ದೆಯಿಂದ ಆರಂಭಿಸಿ ಆರ್ಥಿಕ ಸಲಹೆಗಾರರ ಹುದ್ದೆಯವರೆಗೆ ಏರಬಹುದು. ಹಣಕಾಸು ಸಚಿವಾಲಯದ ಮುಖ್ಯ ಆರ್ಥಿಕ ಸಲಹೆಗಾರರ ಹುದ್ದೆಗೆ ಮಾತ್ರ ವಿಶ್ವವಿದ್ಯಾಲಯ ಮತ್ತು ಸಂಶೋಧನಾ ಸಂಸ್ಥೆಗಳಲ್ಲಿ ಹೆಸರು ಮಾಡಿದವರನ್ನು ಹೊರಗಿನಿಂದ ಕರೆತರುವ ಪದ್ಧತಿ ಬೆಳೆದುಬಂದಿದೆ. 1972ರಿಂದ 1976ರವರೆಗೆ ಆ ಹುದ್ದೆಯಲ್ಲಿದ್ದ ಮನಮೋಹನ ಸಿಂಗ್ ಮುಂದೆ ಹಣಕಾಸು ಸಚಿವರೂ ಪ್ರಧಾನಿಯೂ ಆದದ್ದು ಸಲಹೆಯಿಂದ ಅಧಿಕಾರದತ್ತ ಸಾಗಿದ ಅಪರೂಪದ ಪಯಣ. ರಾಜ್ಯಗಳಲ್ಲಿ ಇಷ್ಟು ಸ್ಪಷ್ಟವಾದ ಮೆಟ್ಟಿಲುಗಳಿಲ್ಲ. ಪ್ರಾಧ್ಯಾಪಕರು, ನಿವೃತ್ತ ಅಧಿಕಾರಿಗಳು, ಆಗಾಗ ವೈದ್ಯರು ಮತ್ತು ಎಂಜಿನಿಯರರು ಯಾವುದಾದರೊಂದು ಸಮಿತಿಯ ಅಧ್ಯಕ್ಷರಾಗಿ ಈ ಕೆಲಸಕ್ಕೆ ಬರುತ್ತಾರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ದುಡಿದ ಡಾ. ಎಚ್. ಸುದರ್ಶನ್ ಅವರ ಅಧ್ಯಕ್ಷತೆಯಲ್ಲಿ 1999ರಲ್ಲಿ ರಚನೆಯಾಗಿ 2001ರಲ್ಲಿ ವರದಿ ನೀಡಿದ ಆರೋಗ್ಯ ಕಾರ್ಯಪಡೆ ಅಂಥದೊಂದು.

ಕನ್ನಡನಾಡಿನಲ್ಲಿ ಸಲಹೆಯನ್ನು ಒಂದು ವ್ಯವಸ್ಥೆಯಾಗಿ ಕಟ್ಟಿದ ಮೊದಲ ದೊಡ್ಡ ಪ್ರಯತ್ನ 1911ರ ಮೈಸೂರು ಆರ್ಥಿಕ ಸಮ್ಮೇಳನ. ಆಗ ಮುಖ್ಯ ಎಂಜಿನಿಯರರಾಗಿದ್ದ ಎಂ. ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಳ್ವಿಕೆಯಲ್ಲಿ ಆರಂಭವಾದ ಈ ಸಂಸ್ಥೆ ಕೃಷಿ, ಶಿಕ್ಷಣ, ಕೈಗಾರಿಕೆ ಮತ್ತು ವಾಣಿಜ್ಯ ಎಂಬ ವಿಷಯಗಳಿಗೆ ಒಂದೊಂದು ಸಮಿತಿಯನ್ನು ನೇಮಿಸಿ, ಸರ್ಕಾರದ ಅಧಿಕಾರಿಗಳನ್ನೂ ಹೊರಗಿನ ತಿಳಿವಳಿಕಸ್ಥರನ್ನೂ ಒಂದೆಡೆ ಕೂರಿಸಿತು. 1913ರ ಮೈಸೂರು ಬ್ಯಾಂಕ್ ಮತ್ತು 1915ರ ಕನ್ನಡ ಸಾಹಿತ್ಯ ಪರಿಷತ್ತಿನ ಹುಟ್ಟಿನ ಹಿಂದೆ ಈ ಸಮ್ಮೇಳನದ ಚರ್ಚೆಗಳಿದ್ದವು. ಅದೇ ಸಂಸ್ಥಾನದಲ್ಲಿ ಹಿಂದುಳಿದ ಸಮುದಾಯಗಳಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ದೊರಕಿಸುವ ಬಗೆಗೆ ಸಲಹೆ ನೀಡಲು 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಸಮಿತಿ ನೇಮಕವಾದಾಗ, ಆ ನೀತಿಯನ್ನು ಒಪ್ಪದ ವಿಶ್ವೇಶ್ವರಯ್ಯನವರು ದಿವಾನಗಿರಿಯಿಂದ ನಿರ್ಗಮಿಸಿದರು. ಸಲಹೆ ಕೊಡಲು ಯಾರನ್ನು ಕೂರಿಸಬೇಕು, ಯಾವ ಪ್ರಶ್ನೆಯನ್ನು ಅವರ ಮುಂದಿಡಬೇಕು ಎಂಬುದೇ ರಾಜಕೀಯ ನಿರ್ಧಾರವೆಂಬುದು ಅಂದೇ ಸ್ಪಷ್ಟವಾಗಿತ್ತು.

ಆದರೆ ಈ ವೃತ್ತಿಯ ಸತ್ವವನ್ನೂ ಮಿತಿಯನ್ನೂ ಒಟ್ಟಿಗೆ ಕಾಣಬೇಕೆಂದರೆ ಡಾ. ಡಿ.ಎಂ. ನಂಜುಂಡಪ್ಪನವರ ಕೆಲಸವನ್ನು ನೋಡಬೇಕು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಬೋಧಿಸಿದ ಅವರು ರಾಜ್ಯ ಸರ್ಕಾರದ ಆರ್ಥಿಕ ಸಲಹೆಗಾರರಾಗಿ, ಕುಲಪತಿಯಾಗಿ, ರಾಜ್ಯ ಯೋಜನಾ ಮಂಡಳಿಯ ಉಪಾಧ್ಯಕ್ಷರಾಗಿ ದುಡಿದು, ತರಗತಿಗೂ ಸಚಿವಾಲಯಕ್ಕೂ ನಡುವೆ ಹಲವು ಸಲ ಓಡಾಡಿದವರು. 2000ದ ಅಕ್ಟೋಬರಿನಲ್ಲಿ ಎಸ್.ಎಂ. ಕೃಷ್ಣ ಅವರ ಸರ್ಕಾರ ಪ್ರಾದೇಶಿಕ ಅಸಮತೋಲನ ನಿವಾರಣೆಯ ಉನ್ನತಾಧಿಕಾರ ಸಮಿತಿಯನ್ನು ಅವರ ಅಧ್ಯಕ್ಷತೆಯಲ್ಲಿ ರಚಿಸಿದಾಗ, 1956ರಲ್ಲಿ ಮೈಸೂರು, ಮುಂಬಯಿ, ಹೈದರಾಬಾದು, ಮದ್ರಾಸು ಮತ್ತು ಕೊಡಗಿನ ಕನ್ನಡ ಪ್ರದೇಶಗಳು ಒಂದಾಗಿ ನಾಲ್ಕು ದಶಕಗಳೇ ಕಳೆದಿದ್ದವು. ಉತ್ತರ ಕರ್ನಾಟಕಕ್ಕೆ ಅನ್ಯಾಯವಾಗಿದೆ ಎಂಬ ಮಾತು, ಆಗೀಗ ಪ್ರತ್ಯೇಕ ರಾಜ್ಯದ ಕೂಗಿನ ರೂಪವನ್ನೂ ತಾಳುತ್ತ, ಆ ಕಾಲದುದ್ದಕ್ಕೂ ಕೇಳಿಬಂದಿತ್ತು. ಅನ್ಯಾಯವಾಗಿದೆ ಎನ್ನುವವರ ಬಳಿ ಅನುಭವವಿತ್ತು, ಇಲ್ಲ ಎನ್ನುವವರ ಬಳಿ ಬಜೆಟ್ ಪುಸ್ತಕವಿತ್ತು; ಎಷ್ಟು ಅನ್ಯಾಯ, ಎಲ್ಲಿ, ಯಾವುದರಲ್ಲಿ ಎಂಬುದಕ್ಕೆ ಇಬ್ಬರೂ ಒಪ್ಪಬಹುದಾದ ಅಳತೆಗೋಲು ಇರಲಿಲ್ಲ.

ಸಮಿತಿಯ ಮೊದಲ ಮಹತ್ವದ ತೀರ್ಮಾನ ಅಳತೆಯ ಘಟಕಕ್ಕೆ ಸಂಬಂಧಿಸಿದ್ದು. ಜಿಲ್ಲೆಯನ್ನು ಘಟಕವಾಗಿ ಹಿಡಿದರೆ ಜಿಲ್ಲಾ ಕೇಂದ್ರದ ಏಳಿಗೆ ಅದರ ಸುತ್ತಲ ಒಣಭೂಮಿಯ ಬಡತನವನ್ನು ಮುಚ್ಚಿಹಾಕುತ್ತದೆ. ಹಳ್ಳಿಯನ್ನು ಹಿಡಿದರೆ ನಂಬಲರ್ಹವಾದ ಅಂಕಿಅಂಶ ದೊರೆಯುವುದು ಕಷ್ಟ. ಆದ್ದರಿಂದ ಅಂದಿದ್ದ 175 ತಾಲ್ಲೂಕುಗಳನ್ನೇ ಘಟಕವಾಗಿ ಸ್ವೀಕರಿಸಿದ ಸಮಿತಿ, ಕೃಷಿ, ಕೈಗಾರಿಕೆ ಮತ್ತು ಹಣಕಾಸು, ಆರ್ಥಿಕ ಮೂಲಸೌಕರ್ಯ, ಸಾಮಾಜಿಕ ಮೂಲಸೌಕರ್ಯ, ಜನಸಂಖ್ಯೆಯ ಲಕ್ಷಣ ಎಂಬ ಐದು ಗುಂಪುಗಳಲ್ಲಿ 35 ಸೂಚಕಗಳನ್ನು ಆರಿಸಿಕೊಂಡಿತು. ಸೂಚಕವೆಂದರೆ ಅಭಿವೃದ್ಧಿಯ ಒಂದು ಮುಖವನ್ನು ಸಂಖ್ಯೆಯಲ್ಲಿ ತೋರಿಸುವ ಗುರುತು: ನೀರಾವರಿಗೆ ಒಳಪಟ್ಟ ಭೂಮಿಯ ಪ್ರಮಾಣ, ರಸ್ತೆಯ ಉದ್ದ, ಬ್ಯಾಂಕ್ ಶಾಖೆ, ಜನಸಂಖ್ಯೆಗೆ ತಕ್ಕಂತೆ ವೈದ್ಯರು, ಸಾಕ್ಷರತೆ ಇತ್ಯಾದಿ. ಇವೆಲ್ಲವನ್ನೂ ತಕ್ಕ ತೂಕದೊಂದಿಗೆ ಒಂದೇ ಸಂಖ್ಯೆಯಾಗಿ ಕೂಡಿಸಿದಾಗ ಬರುವುದು ಸಮಗ್ರ ಅಭಿವೃದ್ಧಿ ಸೂಚ್ಯಂಕ. ರಾಜ್ಯದ ಸರಾಸರಿಯನ್ನು 1 ಎಂದು ಇಟ್ಟುಕೊಂಡು, ಅದಕ್ಕಿಂತ ಕೆಳಗಿರುವ ತಾಲ್ಲೂಕನ್ನು ಹಿಂದುಳಿದದ್ದು ಎಂದು ಗುರುತಿಸಿ, ಕೊರತೆಯ ಪ್ರಮಾಣಕ್ಕೆ ಅನುಗುಣವಾಗಿ ಹಿಂದುಳಿದ, ಅತಿ ಹಿಂದುಳಿದ, ಅತ್ಯಂತ ಹಿಂದುಳಿದ ಎಂಬ ಮೂರು ವರ್ಗಗಳನ್ನು ಮಾಡಲಾಯಿತು.

2002ರ ಜೂನ್‌ನಲ್ಲಿ ಸಲ್ಲಿಕೆಯಾದ ವರದಿಯ ಪ್ರಕಾರ 114 ತಾಲ್ಲೂಕುಗಳು ಹಿಂದುಳಿದಿದ್ದವು. ಅವುಗಳಲ್ಲಿ 59 ಉತ್ತರ ಕರ್ನಾಟಕದಲ್ಲಿ, 55 ದಕ್ಷಿಣ ಕರ್ನಾಟಕದಲ್ಲಿ. ಈ ಎರಡು ಸಂಖ್ಯೆಗಳನ್ನಷ್ಟೇ ಓದಿದವರಿಗೆ ಉತ್ತರದ ದೂರು ಅತಿಶಯವೆನಿಸಬಹುದು. ಆದರೆ ಕೊರತೆಯ ಆಳವನ್ನು ನೋಡಿದರೆ ಚಿತ್ರವೇ ಬದಲಾಗುತ್ತದೆ: ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 26 ಉತ್ತರದವು, ಅವುಗಳಲ್ಲೂ 21 ಕಲಬುರಗಿ ಕಂದಾಯ ವಿಭಾಗವೊಂದಕ್ಕೇ ಸೇರಿದವು, ಪಟ್ಟಿಯ ತಳದಲ್ಲಿ ರಾಯಚೂರು ಜಿಲ್ಲೆಯ ದೇವದುರ್ಗ. ಇದೇ ಪಟ್ಟಿಯಲ್ಲಿ ರಾಜಧಾನಿಯ ಮಗ್ಗುಲಲ್ಲೇ ಇರುವ ಕನಕಪುರ ಮತ್ತು ಮಾಗಡಿ, ಜೊತೆಗೆ ಪಾವಗಡ, ಬಾಗೇಪಲ್ಲಿ, ಹೆಗ್ಗಡದೇವನಕೋಟೆಗಳೂ ಇದ್ದವು. ಉತ್ತರವೆಲ್ಲ ಬಡವು, ದಕ್ಷಿಣವೆಲ್ಲ ಸಮೃದ್ಧ ಎಂಬ ಸರಳ ಚಿತ್ರಣ ಹೀಗೆ ಕರಗಿತು, ಆದರೆ ಕಲಬುರಗಿ ವಿಭಾಗದ ನೋವು ಕರಗಲಿಲ್ಲ. ಅದಕ್ಕೆ ಲೆಕ್ಕದ ಬಲ ಬಂತು. ಸಲಹೆಗಾರನೊಬ್ಬ ನಾಡಿಗೆ ಮಾಡಬಹುದಾದ ಉಪಕಾರಗಳಲ್ಲಿ ಇದಕ್ಕಿಂತ ದೊಡ್ಡದು ವಿರಳ. ದಶಕಗಳ ದೂರನ್ನು ಯಾವ ಪಕ್ಷದ ಸರ್ಕಾರವೂ ತಳ್ಳಿಹಾಕಲಾಗದ ಕೋಷ್ಟಕವಾಗಿ ಬದಲಿಸಿದ ಕಾರಣಕ್ಕೇ ಇಂದಿಗೂ ಕಲ್ಯಾಣ ಕರ್ನಾಟಕದ ಸಭೆಗಳಲ್ಲಿ ನಂಜುಂಡಪ್ಪ ವರದಿ ಎಂಬ ಹೆಸರು ವಿವರಣೆಯ ಅಗತ್ಯವಿಲ್ಲದೆ ಬಳಕೆಯಾಗುತ್ತದೆ.

ವರದಿ ರೋಗವನ್ನು ಗುರುತಿಸಿ ಸುಮ್ಮನಾಗಲಿಲ್ಲ. ಎಂಟು ವರ್ಷಗಳಲ್ಲಿ ಒಟ್ಟು 31,000 ಕೋಟಿ ರೂಪಾಯಿಗಳನ್ನು, ಅಂದರೆ ಬಜೆಟ್ಟಿನಲ್ಲಿ ಎಂದಿನಂತೆ ಒದಗುವ 15,000 ಕೋಟಿಯ ಜೊತೆಗೆ ಹೆಚ್ಚುವರಿಯಾಗಿ 16,000 ಕೋಟಿಯನ್ನು, ಹಿಂದುಳಿದ ತಾಲ್ಲೂಕುಗಳಿಗೆ ವೆಚ್ಚ ಮಾಡುವ ವಿಶೇಷ ಅಭಿವೃದ್ಧಿ ಯೋಜನೆಯನ್ನು ಅದು ಸೂಚಿಸಿತು. ಹೆಚ್ಚುವರಿ ಹಣದಲ್ಲಿ ಶೇಕಡ 60 ಉತ್ತರಕ್ಕೆ, ಶೇಕಡ 40 ದಕ್ಷಿಣಕ್ಕೆ ಎಂದು ಹಂಚಿಕೆಯನ್ನೂ ತಿಳಿಸಿತು. ಸಲಹೆಗಾರರ ಕೈಯಳತೆ ಮುಗಿಯುವುದು ಇಲ್ಲಿಯೇ. ಮುಂದಿನ ಹಾದಿಯಲ್ಲಿ ವರದಿಯನ್ನು ಯೋಜನಾ ಇಲಾಖೆ ಪರಿಶೀಲಿಸಬೇಕು, ಹಣಕಾಸು ಇಲಾಖೆ ಸಹಮತಿಸಬೇಕು, ಸಚಿವ ಸಂಪುಟ ಒಪ್ಪಬೇಕು, ಆಯವ್ಯಯದಲ್ಲಿ ಲೆಕ್ಕಶೀರ್ಷಿಕೆ ತೆರೆಯಬೇಕು, ಕೊನೆಗೆ ಒಂದೊಂದು ಇಲಾಖೆಯೂ ಕ್ರಿಯಾಯೋಜನೆ ಸಿದ್ಧಪಡಿಸಬೇಕು. ವಿಶೇಷ ಅಭಿವೃದ್ಧಿ ಯೋಜನೆ ಜಾರಿಗೆ ಬಂದದ್ದು 2007-08ರ ಆರ್ಥಿಕ ವರ್ಷದಿಂದ. ನಂಜುಂಡಪ್ಪನವರು 2005ರಲ್ಲೇ ತೀರಿಕೊಂಡಿದ್ದರು.

ಯೋಜನೆ ಆರಂಭವಾದ ಮೇಲೂ ಹಂಚಿಕೆಯಾದದ್ದು, ಬಿಡುಗಡೆಯಾದದ್ದು, ನಿಜಕ್ಕೂ ಖರ್ಚಾದದ್ದು ಎಂಬ ಮೂರು ಅಂಕಣಗಳ ಮೊತ್ತ ಒಂದಕ್ಕೊಂದು ತಾಳೆಯಾಗುತ್ತಿಲ್ಲವೆಂಬ ದೂರು ವರ್ಷವರ್ಷವೂ ಬಂತು. ಇಲಾಖೆಗಳು ಹೇಗೂ ಮಾಡಬೇಕಿದ್ದ ಕಾಮಗಾರಿಗಳನ್ನೇ ಈ ಶೀರ್ಷಿಕೆಯಡಿ ತೋರಿಸಿದರೆ ಹೆಚ್ಚುವರಿ ಎಂಬ ಪದಕ್ಕೆ ಅರ್ಥವೇ ಉಳಿಯುವುದಿಲ್ಲ. ಅಳತೆಗೋಲಿಗೂ ಮಿತಿಯಿತ್ತು: ತಾಲ್ಲೂಕಿನ ಸರಾಸರಿ ಅದರೊಳಗಿನ ತಾಂಡಾ ಮತ್ತು ದಲಿತ ಕೇರಿಗಳ ಸ್ಥಿತಿಯನ್ನು ತೋರಿಸದು, ಆಸ್ಪತ್ರೆಯ ಕಟ್ಟಡವಿದೆಯೆಂಬ ಅಂಕಿ ಅಲ್ಲಿ ರಾತ್ರಿ ದಾದಿ ಇರುತ್ತಾರೆಯೇ ಎಂಬುದನ್ನು ಹೇಳದು. ಹೀಗಿದ್ದರೂ ವರದಿಯ ಅಂಕಿಗಳು ತಮ್ಮ ಕೆಲಸವನ್ನು ಬೇರೆ ದಾರಿಯಿಂದಲೂ ಮಾಡಿದವು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ ಮತ್ತು ಬಳ್ಳಾರಿ ಜಿಲ್ಲೆಗಳಿಗೆ ಶಿಕ್ಷಣ ಹಾಗೂ ಉದ್ಯೋಗದಲ್ಲಿ ಮೀಸಲಾತಿಯನ್ನೂ ಪ್ರತ್ಯೇಕ ಅಭಿವೃದ್ಧಿ ಮಂಡಳಿಯನ್ನೂ ಒದಗಿಸುವ ಸಂವಿಧಾನದ 371ಜೆ ವಿಧಿಗಾಗಿ ನಡೆದ ಹೋರಾಟಕ್ಕೆ ಅವು ಆಧಾರವಾದವು. 98ನೆಯ ತಿದ್ದುಪಡಿಯ ಮೂಲಕ ಬಂದ ಆ ವಿಧಿ 2013ರಲ್ಲಿ ಜಾರಿಯಾಯಿತು.

ಇಷ್ಟೆಲ್ಲ ಪರಿಶ್ರಮ ಬೇಡುವ ಕೆಲಸದ ಹೆಸರು ಈಚೆಗೆ ಹಗುರವಾಗುತ್ತಿರುವುದು ನಿಜಕ್ಕೂ ಖೇದಕರ. 2003ರ 91ನೆಯ ತಿದ್ದುಪಡಿ ಸಚಿವರ ಸಂಖ್ಯೆಯನ್ನು ವಿಧಾನಸಭೆಯ ಬಲದ ಶೇಕಡ 15ಕ್ಕೆ ಮಿತಿಗೊಳಿಸಿದ್ದರಿಂದ, 224 ಸದಸ್ಯರ ಕರ್ನಾಟಕದಲ್ಲಿ ಮುಖ್ಯಮಂತ್ರಿಯೂ ಸೇರಿ 34ಕ್ಕಿಂತ ಹೆಚ್ಚು ಸಚಿವರಿರಲಾಗದು. ಸ್ಥಾನ ಸಿಗದ ಶಾಸಕರಿಗೆ, ಪಕ್ಷದ ಹಿರಿಯರಿಗೆ ಸಲಹೆಗಾರರೆಂಬ ಹೆಸರಿನಲ್ಲಿ ಸಂಪುಟ ದರ್ಜೆಯ ಸ್ಥಾನಮಾನ ನೀಡುವ ರೂಢಿ ಪಕ್ಷಭೇದವಿಲ್ಲದೆ ಬೆಳೆದಿದೆ. ಅಧಿಕಾರದಲ್ಲಿರುವವರಿಗೆ ಬೇಡವಾದ ಸಂಖ್ಯೆಯನ್ನು ಅವರ ಮೇಜಿನ ಮೇಲಿಡುವುದು ಸಲಹೆಗಾರರ ಮೊದಲ ಕರ್ತವ್ಯವಾದ್ದರಿಂದ, ಹುದ್ದೆಯೇ ಸಮಾಧಾನದ ಕೊಡುಗೆಯಾದಾಗ ಆ ಕರ್ತವ್ಯವನ್ನು ನಿರೀಕ್ಷಿಸುವುದು ಕಷ್ಟ. ಬೆಂಗಳೂರಿನಲ್ಲಿ ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯಂಥ ಸ್ವಾಯತ್ತ ಕೇಂದ್ರಗಳು ಈ ಕಾರಣಕ್ಕಾಗಿಯೇ ಬೇಕು. ಅಲ್ಲಿ ಬೆಳೆದ ವಿದ್ವಾಂಸರಿಗೆ ಸರ್ಕಾರ ಬದಲಾದರೂ ಹಿಂದಿರುಗಲು ಒಂದು ಮೇಜು ಇರುತ್ತದೆ.

ಆ ಸಂಸ್ಥೆಯ ನಿರ್ದೇಶಕರಾಗಿದ್ದ ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿಯೇ ಪ್ರಾದೇಶಿಕ ಅಸಮತೋಲನವನ್ನು ಮತ್ತೆ ಅಧ್ಯಯನ ಮಾಡಲು ರಾಜ್ಯ ಸರ್ಕಾರ 2024ರಲ್ಲಿ ಹೊಸ ಸಮಿತಿಯೊಂದನ್ನು ರಚಿಸಿತು. ಇಂಥ ಮರು ಅಳತೆಯ ಕಷ್ಟಗಳು ಹೊರಗಿನವರಿಗೆ ಸುಲಭವಾಗಿ ಕಾಣುವುದಿಲ್ಲ. ನಂಜುಂಡಪ್ಪ ಸಮಿತಿಯ ಕಾಲದಲ್ಲಿ 175 ಇದ್ದ ತಾಲ್ಲೂಕುಗಳು ಈಗ 230ನ್ನು ದಾಟಿವೆ, ಸಾಕ್ಷರತೆ ಮತ್ತು ಜನಸಂಖ್ಯೆಗೆ ಆಧಾರವಾಗಬೇಕಾದ ಜನಗಣತಿ 2011ರದೇ ಆಗ ಕೊನೆಯದಾಗಿತ್ತು. ರಾಯಚೂರು ಜಿಲ್ಲೆಯ ಮಸ್ಕಿ ತಾಲ್ಲೂಕಿನ ಹಳ್ಳಿಗಳು ಹಿಂದೆ ಲಿಂಗಸುಗೂರು, ಸಿಂಧನೂರು, ಮಾನ್ವಿ ಎಂಬ ಮೂರು ತಾಲ್ಲೂಕುಗಳಲ್ಲಿ ಹಂಚಿಹೋಗಿದ್ದವು. 2002ರಿಂದ ಈಚೆಗೆ ಮಸ್ಕಿ ಎಷ್ಟು ಮುಂದೆ ಬಂದಿದೆ ಎಂದು ಹೇಳಬೇಕಾದರೆ ಮೊದಲು ಹಳೆಯ ಮೂರು ಸಾಲುಗಳಿಂದ ಆ ಹಳ್ಳಿಗಳ ಅಂಕಿಗಳನ್ನು ಒಂದೊಂದಾಗಿ ಹೆಕ್ಕಿ ಹೊಸ ಸಾಲಿಗೆ ಜೋಡಿಸಬೇಕು.