ಗುಂಪು ಕೇಳಿದ ಮೇಲೆ ಹೇಳಿದ ಮಾತು

ಎರಡನೇ ಮಹಾಯುದ್ಧದ ದಿನಗಳಲ್ಲಿ ಅಮೆರಿಕದಲ್ಲಿ ಮಾಂಸದ ಅಭಾವ ತಲೆದೋರಿತು. ಪ್ರಾಣಿಗಳ ಹೃದಯ, ಮೂತ್ರಪಿಂಡ ಪೌಷ್ಟಿಕವಾದರೂ ಗೃಹಿಣಿಯರು ಅವನ್ನು ಅಡುಗೆಮನೆಗೆ ಸೇರಿಸುತ್ತಿರಲಿಲ್ಲ. ಅವರ ಮನಸ್ಸು ಒಲಿಸುವ ಬಗೆ ಯಾವುದೆಂದು ಮನೋವಿಜ್ಞಾನಿ ಕರ್ಟ್ ಲೆವಿನ್ ಪರೀಕ್ಷಿಸಿದರು. ಕೆಲವು ಗುಂಪುಗಳಿಗೆ ಒಳ್ಳೆಯ ಉಪನ್ಯಾಸ ಸಿಕ್ಕಿತು; ಜೀವಸತ್ವ, ದೇಶದ ಅಗತ್ಯ, ಅಡುಗೆಯ ವಿಧಾನ ಯಾವುದನ್ನೂ ಬಿಟ್ಟಿರಲಿಲ್ಲ. ಉಳಿದವರಿಗೆ ಅಷ್ಟೇ ಹೊತ್ತಿನ ಚರ್ಚೆ. 1943ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಉಪನ್ಯಾಸ ಕೇಳಿದವರಲ್ಲಿ ಶೇ 3ರಷ್ಟು ಮಂದಿ ಈ ಹೊಸ ಬಗೆಯ ಮಾಂಸವನ್ನು ಬಡಿಸಿದ್ದರು, ಚರ್ಚಿಸಿದವರಲ್ಲಿ ಶೇ 32ರಷ್ಟು.

ನನ್ನನ್ನು ಹಿಡಿದು ನಿಲ್ಲಿಸುವುದು ಚರ್ಚೆ ನಡೆಸಿದವರ ರೀತಿ. 'ನಿಮ್ಮಂಥ ಗೃಹಿಣಿಯರಿಗೆ ಇದರಲ್ಲಿ ಏನು ತೊಡಕು?' ಎಂಬಲ್ಲಿಂದ ಮಾತು ಶುರುವಾಯಿತು. ಬೇಯುವಾಗ ಬರುವ ವಾಸನೆ, ಗಂಡನ ತಕರಾರು ಹೊರಬಂದವು. ಪಾಕವಿಧಾನ ಇಲ್ಲೂ ಇತ್ತು, ತಜ್ಞರೂ ಇದ್ದರು. ಆದರೆ ಆ ತೊಡಕು ಹೆಂಗಸರ ಬಾಯಿಂದಲೇ ಬಂದ ಮೇಲೆ ತಜ್ಞರು ಬಾಯಿ ತೆರೆದರು. ಕೊನೆಗೆ, ಯಾರು ಮಾಡಿ ನೋಡುತ್ತೀರಿ ಎಂದು ಕೇಳಿ ಕೈ ಎತ್ತಿಸಿದರು.

ಹಾಗಾದರೆ ಕೆಲಸ ಮಾಡಿದ್ದು ಚರ್ಚೆಯೋ, ಎತ್ತಿದ ಕೈಯೋ? 1955ರಲ್ಲಿ ಸಂಶೋಧಕಿ ಎಡಿತ್ ಬೆನೆಟ್ ಇವೆರಡನ್ನೂ ಬೇರ್ಪಡಿಸಿ ನೋಡಿದರು. ಬರೀ ಚರ್ಚೆಯಿಂದ ಹೆಚ್ಚೇನೂ ಆಗಲಿಲ್ಲ. ನಿರ್ಧಾರ ಮಾಡುವುದು, ಉಳಿದವರೂ ಒಪ್ಪಿದ್ದಾರೆಂದು ಕಾಣುವುದು, ಇವೇ ಮುಖ್ಯವಾಗಿದ್ದವು. ಗುಂಪಿನಲ್ಲಿ ಎಲ್ಲರಿಗೂ ಮಾತಾಡಲು ಬಿಟ್ಟರೆ ಸಾಕೆನ್ನುವವರು ಇದನ್ನು ಗಮನಿಸಬೇಕು.

ಸ್ಕಿಜೋಫ್ರೇನಿಯಾ ಇರುವವರ ಮನೆಯವರಿಗಾಗಿ ನಡೆಯುವ ಮನೋಶಿಕ್ಷಣ ಗುಂಪುಗಳಲ್ಲಿ ಈ ತಿಳಿವಳಿಕೆಗೆ ತುಂಬ ಬೆಲೆಯಿದೆ. ಅಲ್ಲಿಗೆ ಬರುವ ತಾಯಿಗೆ ಕಾಯಿಲೆಯ ಮಾಹಿತಿ ಬೇಕೇ ಬೇಕು. ಆದರೆ 'ಮಗ ಮಾತ್ರೆ ಉಗುಳಿಬಿಡುತ್ತಾನೆ' ಎಂದು ಆಕೆ ಹೇಳುವ ಮೊದಲೇ ಔಷಧದ ಪಾಠ ಒಪ್ಪಿಸಿದರೆ ಅದು ಗಾಳಿಗೆ ಹೋಗುತ್ತದೆ. ಹಾಗೆಂದು ನಡೆಸುವವರು ಸುಮ್ಮನೆ ಕೂತರೆ ದೊಡ್ಡ ದನಿಯ ಒಬ್ಬರೇ ಇಡೀ ಹೊತ್ತನ್ನು ನುಂಗುತ್ತಾರೆ. ಸಂಶೋಧಕರಾದ ಲೀಬರ್‌ಮನ್, ಯಾಲಮ್, ಮೈಲ್ಸ್ ಸ್ಟ್ಯಾನ್‌ಫರ್ಡ್‌ನಲ್ಲಿ ನಡೆಸಿ 1973ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆ ಬಗೆಯ ಗುಂಪುಗಳದ್ದು. ಆದರೂ ಅದು ಹೇಳುವುದು ಇಲ್ಲಿಗೂ ಹೊಂದುತ್ತದೆ. ನಡೆಸುವವರು ಕಾಳಜಿ ತೋರುವುದು, ನಡೆದದ್ದರ ಅರ್ಥ ಬಿಡಿಸುವುದು ಹೆಚ್ಚಿದಷ್ಟೂ ಒಳ್ಳೆಯದು. ಭಾವನೆ ಕೆದಕುವುದು, ನಿಯಮ ಹೇರುವುದು ಹಿತಮಿತವಾಗಿರಬೇಕು.

ವಿಲಿಯಂ ಮ್ಯಾಕ್‌ಫಾರ್ಲೇನ್ ರೂಪಿಸಿದ ಬಹುಕುಟುಂಬ ಗುಂಪಿನಲ್ಲಿ ಹೀಗೆ ತೊಡಕು ಕೇಳಿ ನಿರ್ಧಾರಕ್ಕೆ ಬರುವುದಕ್ಕೊಂದು ಕ್ರಮವಿದೆ. ಒಂದು ಮನೆಯ ಒಂದು ತೊಂದರೆಯನ್ನು ಆರಿಸಿಕೊಂಡು, ಎಲ್ಲ ಮನೆಯವರೂ ಉಪಾಯ ಹೇಳುತ್ತಾರೆ, ಪ್ರತಿಯೊಂದರ ಸಾಧಕ ಬಾಧಕ ತೂಗುತ್ತಾರೆ. ಯಾವುದನ್ನು ಮಾಡಿ ನೋಡಬೇಕೆಂದು ಆಯ್ದುಕೊಳ್ಳುವುದು ಆ ಮನೆಯವರೇ. ಮುಂದಿನ ಭೇಟಿಯಲ್ಲಿ ಅದು ಏನಾಯಿತೆಂದು ಗುಂಪು ವಿಚಾರಿಸುತ್ತದೆ.