ಹೊಲಿದ ಹೃದಯದ ಮುಂದಿನ ಬಾಳು

ಬೆಂಗಳೂರಿನ ಪೂರ್ವಕ್ಕೆ ವೈಟ್‌ಫೀಲ್ಡಿನಲ್ಲಿ 2001ರ ಜನವರಿಯಲ್ಲಿ ಶ್ರೀ ಸತ್ಯಸಾಯಿ ಉನ್ನತ ವೈದ್ಯವಿಜ್ಞಾನ ಸಂಸ್ಥೆಯ ಆಸ್ಪತ್ರೆಯು ಆರಂಭವಾಯಿತು. ರೋಗಿಯಿಂದ ಹಣ ಪಡೆಯದೆ ಹೃದಯದ ಶಸ್ತ್ರಚಿಕಿತ್ಸೆ ನಡೆಸುವುದು ಅಲ್ಲಿಯ ಕ್ರಮ. ಅದೇ ವರ್ಷ ನಗರದ ದಕ್ಷಿಣಕ್ಕೆ, ಎಲೆಕ್ಟ್ರಾನಿಕ್ ಸಿಟಿಯನ್ನು ದಾಟಿದರೆ ಸಿಗುವ ಬೊಮ್ಮಸಂದ್ರದಲ್ಲಿ, ಡಾ. ದೇವಿ ಶೆಟ್ಟಿಯವರ ನಾರಾಯಣ ಹೃದಯಾಲಯವೂ ಕೆಲಸ ತೊಡಗಿತು. 2003ರ ಜುಲೈ ತಿಂಗಳಲ್ಲಿ ದೆಹಲಿ–ಲಾಹೋರ್ ಬಸ್ಸಿನ ಸಂಚಾರ ಮತ್ತೆ ಮೊದಲಾದಾಗ, ಪಾಕಿಸ್ತಾನದ ಎಳೆಯ ಹೆಣ್ಣುಮಗುವೊಂದು ಆ ಬಸ್ಸಿನಲ್ಲಿ ಬಂದು ಬೊಮ್ಮಸಂದ್ರದಲ್ಲಿ ಹೃದಯದ ಚಿಕಿತ್ಸೆ ಪಡೆದುದು ವಾಚಕರಲ್ಲಿ ಹಲವರಿಗೆ ನೆನಪಿರಬಹುದು. ಅಂದು ಈ ಆಸ್ಪತ್ರೆಗಳ ಮಂಚಗಳಲ್ಲಿ ಮಲಗಿದ್ದ ಕೂಸುಗಳಿಗೆ ಈಗ ಇಪ್ಪತ್ತು ದಾಟಿದ ಪ್ರಾಯ. ಅವರಲ್ಲಿ ಕೆಲವರು ಸುತ್ತಲಿನ ಕಚೇರಿ ಕಾರ್ಖಾನೆಗಳಲ್ಲಿಯೇ ದುಡಿಯುತ್ತಿದ್ದರೆ ಆಶ್ಚರ್ಯಪಡಬೇಕಾಗಿಲ್ಲ. ಅವರ ಹೃದಯಗಳ ಮುಂದಿನ ಪಾಡೇನು ಎಂಬುದನ್ನು ಇಲ್ಲಿ ವಿಚಾರಿಸೋಣ.

“ಹಾರ್ಟಿನಲ್ಲಿ ತೂತಿತ್ತು, ಮುಚ್ಚಿಸಿದೆವು, ಈಗ ಏನೂ ಇಲ್ಲ” ಎಂಬುದು ಮನೆಮಂದಿಯ ಮಾತು. ಒಂದು ಮಟ್ಟಿಗೆ ಇದು ನಿಜವೇ. ಸಣ್ಣ ರಂಧ್ರವನ್ನು ಎಳವೆಯಲ್ಲಿಯೇ ಮುಚ್ಚಿದ್ದರೆ ಬಹುಮಂದಿ ಉಳಿದವರಂತೆಯೇ ಬಾಳುತ್ತಾರೆ. ಆದರೆ ಹುಟ್ಟುವ ಸಾವಿರ ಮಕ್ಕಳಲ್ಲಿ ಎಂಟು ಒಂಬತ್ತು ಮಕ್ಕಳಿಗೆ ಹೃದಯದ ರಚನೆಯಲ್ಲಿ ಏನಾದರೊಂದು ದೋಷವಿರುತ್ತದೆ. ಆ ದೋಷಗಳೆಲ್ಲವೂ ತೂತುಗಳಲ್ಲ, ದುರಸ್ತಿಗಳೆಲ್ಲವೂ ಮುಚ್ಚುವಿಕೆಯಲ್ಲ.

ಫ್ರಾನ್ಸಿನ ವೈದ್ಯ ಫಾಲೋ 1888ರಲ್ಲಿ ವಿವರಿಸಿದ ‘ಚತುಷ್ಟಯ’ವನ್ನೇ ನೋಡೋಣ. ಹೃದಯದ ಕೆಳಗಿನ ಎರಡು ಕೋಣೆಗಳ, ಎಂದರೆ ಹೃತ್ಕುಕ್ಷಿಗಳ, ನಡುಗೋಡೆಯಲ್ಲಿ ರಂಧ್ರ. ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿ ಇಕ್ಕಟ್ಟು. ಮಹಾಧಮನಿಯ ಬುಡ ರಂಧ್ರದ ಮೇಲಕ್ಕೆ ಸರಿದಿರುತ್ತದೆ. ಬಲ ಹೃತ್ಕುಕ್ಷಿಯ ಗೋಡೆ ದಪ್ಪಗಾಗಿರುತ್ತದೆ. ಆಮ್ಲಜನಕ ಸಾಲದೆ ಕೂಸು ನೀಲಿಗಟ್ಟುತ್ತದೆ. ಅಮೆರಿಕದ ಲಿಲೆಹೈ 1954ರ ಆಗಸ್ಟ್ 31ರಂದು ಇದನ್ನು ಮೊದಲ ಬಾರಿಗೆ ಪೂರ್ಣವಾಗಿ ಸರಿಪಡಿಸಿದನು. ಮಗುವಿನ ರಕ್ತವನ್ನು ಮತ್ತೊಬ್ಬ ಮನುಷ್ಯನ ದೇಹದ ಮೂಲಕ ಹಾಯಿಸಿ, ಆ ಮನುಷ್ಯನ ಹೃದಯ ಶ್ವಾಸಕೋಶಗಳಿಂದಲೇ ಮಗುವನ್ನು ಬದುಕಿಸಿಟ್ಟುಕೊಂಡು ನಡೆಸಿದ ಸಾಹಸವದು! ರಂಧ್ರಕ್ಕೆ ತೇಪೆ ಹಾಕಿ, ಇಕ್ಕಟ್ಟಾದ ದಾರಿಯನ್ನು ಸೀಳಿ ಅಗಲಿಸುವುದೇ ಇಂದಿಗೂ ಈ ಚಿಕಿತ್ಸೆಯ ಸಾರ.

ತೊಡಕು ಇರುವುದು ಆ ಅಗಲಿಸುವಿಕೆಯಲ್ಲಿ. ದಾರಿಯ ಬಾಗಿಲಲ್ಲಿರುವ ಕವಾಟವನ್ನೂ ಅನೇಕ ವೇಳೆ ಸೀಳಬೇಕಾಗುತ್ತದೆ. ಆ ಮೇಲೆ ಅದು ಸರಿಯಾಗಿ ಮುಚ್ಚಿಕೊಳ್ಳದು. ಬಾವಿಯಿಂದ ಹತ್ತು ಕೊಡ ನೀರು ಸೇದಿದಾಗ ಮೂರು ಕೊಡ ಮತ್ತೆ ಬಾವಿಗೇ ಸುರಿದುಹೋದರೆ ಸೇದುವವನಿಗೆ ದುಡಿಮೆ ಹೆಚ್ಚುವುದಷ್ಟೆ? ಬಲ ಹೃತ್ಕುಕ್ಷಿಯ ಸ್ಥಿತಿಯೂ ಅದೇ. ಹೊರದೂಡಿದ ರಕ್ತದಲ್ಲಿ ಒಂದು ಪಾಲು ಮರಳಿ ಬರುತ್ತದೆ. ಅದಕ್ಕೂ ಸ್ಥಳ ಕೊಡಬೇಕಾಗಿ ಕೋಣೆ ಹಿಗ್ಗುತ್ತದೆ. ನಿಮಿಷಕ್ಕೆ 70 ಬಡಿತದಂತೆ ಲೆಕ್ಕ ಹಿಡಿದರೆ 25 ವರ್ಷಗಳಲ್ಲಿ ಹೃದಯ ಬಡಿಯುವುದು ಸುಮಾರು 92 ಕೋಟಿ ಸಲ. ಪ್ರತಿ ಬಡಿತಕ್ಕೂ ಈ ನಷ್ಟ ಉಂಟು.

ಇಲ್ಲಿ ಭೌತವಿಜ್ಞಾನದ ಒಂದು ಹಳೆಯ ನಿಯಮ ನೆರವಿಗೆ ಬರುತ್ತದೆ. ಗೋಳದ ಒಳಗಿನ ಒತ್ತಡ ಒಂದೇ ಇದ್ದರೂ, ಗೋಳ ದೊಡ್ಡದಾದಂತೆ ಗೋಡೆಯ ಬಿಗಿತ ಹೆಚ್ಚುತ್ತದೆಂದು ಲಾಪ್ಲಾಸನು ತೋರಿಸಿದ್ದಾನೆ. ತ್ರಿಜ್ಯ ಒಂದೂವರೆ ಪಟ್ಟಾದರೆ ಬಿಗಿತವೂ ಒಂದೂವರೆ ಪಟ್ಟು. ಗೋಡೆ ತೆಳುವಾದರೆ ಸ್ನಾಯುವಿನ ಪ್ರತಿಯೊಂದು ಎಳೆಯ ಮೇಲೆ ಬೀಳುವ ಹೊರೆ ಇನ್ನೂ ಹೆಚ್ಚು. ಹಿಗ್ಗಿದ ಕೋಣೆ ಹಿಗ್ಗಿದುದರಿಂದಲೇ ಮತ್ತಷ್ಟು ದಣಿಯುತ್ತದೆ. ವಿದ್ಯುತ್ತಿನ ತೊಂದರೆಯೂ ಇದರೊಡನೆ ಸೇರಿಕೊಳ್ಳುತ್ತದೆ. ಬಡಿತವನ್ನು ಹುಟ್ಟಿಸುವ ಸಂಕೇತವು ಸ್ವಸ್ಥ ಹೃತ್ಕುಕ್ಷಿಗಳಲ್ಲಿ 100 ಮಿಲಿಸೆಕೆಂಡಿನೊಳಗೆ ಹರಡಿಬಿಡುತ್ತದೆ. ಹಿಗ್ಗಿದ ಕೋಣೆಯಲ್ಲಿ ಅದಕ್ಕೆ ಹೆಚ್ಚು ಕಾಲ ಬೇಕು; ಹಳೆಯ ಹೊಲಿಗೆಯ ಕಲೆಯ ಮೂಲಕ ಅದು ಹಾಯಲಾರದು, ಕಲೆಯನ್ನು ಸುತ್ತುಹಾಕಿ ಬಂದ ದಾರಿಗೇ ಮರಳಿ ತಿರುಗತೊಡಗಬಹುದು. ಆಗ ಬಡಿತದ ಲಯ ಕೆಡುತ್ತದೆ. ಈ ಕಾಲಾವಧಿ 180 ಮಿಲಿಸೆಕೆಂಡನ್ನು ಮುಟ್ಟಿದವರಲ್ಲಿ ಅಪಾಯಕರವಾದ ಲಯಭಂಗ ಹೆಚ್ಚೆಂಬುದನ್ನು ವೈದ್ಯರು 1990ರ ದಶಕದಲ್ಲಿ ಗುರುತಿಸಿದರು.

ಇದೆಲ್ಲ ನಡೆಯುತ್ತಿರುವಾಗ ಆ ಯುವಕನಿಗೆ ಏನೂ ಅನ್ನಿಸದೆ ಇರಬಹುದು. ಹೃತ್ಕುಕ್ಷಿ ನಿಧಾನವಾಗಿ ಹಿಗ್ಗುವುದರಿಂದ ದೇಹ ಅದಕ್ಕೆ ಒಗ್ಗಿಕೊಳ್ಳುತ್ತದೆ. ಮೆಟ್ಟಿಲೇರುವಾಗ ಬರುವ ಏದುಸಿರನ್ನು ಆತ ಸೋಮಾರಿತನವೆಂದೋ ರಾತ್ರಿ ಪಾಳಿಯ ಆಯಾಸವೆಂದೋ ಭಾವಿಸುತ್ತಾನೆ. ಆದಕಾರಣ ಕೋಣೆಯ ಗಾತ್ರವನ್ನು ಅಳೆದೇ ನೋಡಬೇಕು, ಅದಕ್ಕೆ ಎಂ.ಆರ್.ಐ. ಚಿತ್ರವೇ ಉತ್ತಮ ಸಾಧನ. ಹಿಗ್ಗುವಿಕೆ ಮಿತಿ ಮೀರುವ ಮುನ್ನ ಹೊಸ ಕವಾಟವನ್ನು ಕೂಡಿಸಬಹುದು. ಎದೆಯನ್ನು ತೆರೆಯದೆ ರಕ್ತನಾಳದ ಮೂಲಕವೇ ಕವಾಟವನ್ನು ಒಯ್ದು ಇರಿಸುವ ವಿಧಾನವನ್ನು ಬಾನ್‌ಹೋಫರ್ ಎಂಬ ವೈದ್ಯನು 2000ದಲ್ಲಿ ತೋರಿಸಿಕೊಟ್ಟನು. ಅವಸರದಿಂದ ಹಾಕಿದರೆ ಅಂಗಾಂಶದ ಕವಾಟ ಸವೆದು ಮತ್ತೆ ಬದಲಿಸಬೇಕಾಗುತ್ತದೆ. ತಡಮಾಡಿದರೆ ಕೋಣೆ ಹಳೆಯ ಗಾತ್ರಕ್ಕೆ ಮರಳದು. ಈ ಸಮಯನಿರ್ಣಯವೇ ಇಡೀ ಶಾಸ್ತ್ರದ ಅತಿ ಸೂಕ್ಷ್ಮವಾದ ಭಾಗವೆಂದು ನಮಗೆ ತೋರುತ್ತದೆ.

ಬೇರೆ ದುರಸ್ತಿಗಳ ಕಥೆ ಬೇರೆ. ಮಹಾಧಮನಿಯ ಇಕ್ಕಟ್ಟನ್ನು ಬಿಡಿಸಿಕೊಂಡವರಿಗೆ ಎಷ್ಟೋ ವರ್ಷಗಳ ನಂತರ ರಕ್ತದೊತ್ತಡ ಏರಬಹುದು. ಒಂದೇ ಹೃತ್ಕುಕ್ಷಿಯುಳ್ಳವರಿಗೆ ಫಾಂಟಾನ್ ಎಂಬ ಶಸ್ತ್ರವೈದ್ಯನು 1968ರಲ್ಲಿ ಆರಂಭಿಸಿದ ಚಿಕಿತ್ಸೆಯಲ್ಲಿ, ಶ್ವಾಸಕೋಶಕ್ಕೆ ರಕ್ತವನ್ನು ತಳ್ಳುವ ಪಂಪೇ ಇರುವುದಿಲ್ಲ. ಅಭಿಧಮನಿಗಳಲ್ಲಿ ಒತ್ತಡ ಸದಾ ಹೆಚ್ಚಾಗಿದ್ದು ಯಕೃತ್ತು ಗಡುಸಾಗುತ್ತ ಬರುತ್ತದೆ.

ಮದುವೆಯ ಮಾತನ್ನೂ ಇಲ್ಲಿ ಬಿಡುವಂತಿಲ್ಲ. ಎದೆಯ ಮೇಲಿನ ಗಾಯದ ಗುರುತನ್ನು ಗಂಡಿನ ಕಡೆಯವರಿಂದ ಮುಚ್ಚಿಡುವ ತಂದೆತಾಯಿಗಳುಂಟು. ಅವರ ಭಯ ನಮಗೆ ಅರ್ಥವಾಗದ್ದಲ್ಲ. ಆದರೆ ಗರ್ಭಿಣಿಯ ದೇಹದಲ್ಲಿ ರಕ್ತದ ಪ್ರಮಾಣ ಹೆಚ್ಚುಕಡಿಮೆ ಒಂದೂವರೆ ಪಟ್ಟಾಗುತ್ತದೆ. ಹಿಗ್ಗಿದ ಹೃದಯಕ್ಕೆ ಈ ಹೊರೆಯನ್ನು ತಾಳುವ ಶಕ್ತಿ ಉಂಟೇ ಎಂಬುದನ್ನು ಗರ್ಭಧಾರಣೆಗೆ ಮುಂಚೆಯೇ ನೋಡಬೇಕು. ಗುಟ್ಟು ಮಾಡಿದರೆ ನೋಡುವವರು ಯಾರು?

ಪೀಣ್ಯದ ಕಾರ್ಖಾನೆಯಲ್ಲಾಗಲಿ ವೈಟ್‌ಫೀಲ್ಡಿನ ಕಚೇರಿಯಲ್ಲಾಗಲಿ ನಡೆಯುವ ವಾರ್ಷಿಕ ತಪಾಸಣೆ ಇಂಥವರಿಗೆ ಸಾಲದು. ಚತುಷ್ಟಯದ ಚಿಕಿತ್ಸೆಯಾದವರ ಇ.ಸಿ.ಜಿ.ಯಲ್ಲಿ ಬಲಭಾಗದ ಸಂಕೇತವಾಹಿನಿಗೆ ಅಡ್ಡಿ ಕಾಣುವುದು ಸಾಮಾನ್ಯ. ಹಿಂದಿನ ಕಥೆ ತಿಳಿಯದ ವೈದ್ಯರು ಅದನ್ನು ಕಂಡು ಗಾಬರಿಯಾಗಬಹುದು, ಇಲ್ಲವೆ ಹಳೆಯದೆಂದು ಕೈಬಿಡಬಹುದು. ಮಗುವಾಗಿದ್ದಾಗ ಏನನ್ನು ಕತ್ತರಿಸಿ ಎಲ್ಲಿ ಹೊಲಿದರೆಂಬ ವಿವರ ಆಸ್ಪತ್ರೆಯಿಂದ ಬಿಡುಗಡೆಯಾದಾಗ ಕೊಟ್ಟ ಚೀಟಿಯಲ್ಲಿರುತ್ತದೆ. ಅದರ ಬೆಲೆಗೆ ಒಂದು ನಿದರ್ಶನ ಕೊಡಬಹುದು: 1944ರ ನವೆಂಬರ್ 29ರಂದು ಬ್ಲೇಲಾಕ್ ನೀಲಿ ಕೂಸಿಗೆ ಮಾಡಿದ ಮೂಲ ಶಸ್ತ್ರಚಿಕಿತ್ಸೆಯಲ್ಲಿ ತೋಳಿಗೆ ಹೋಗುವ ಧಮನಿಯನ್ನೇ ಕತ್ತರಿಸಿ ಶ್ವಾಸಕೋಶದ ಧಮನಿಗೆ ಜೋಡಿಸಿದರು. ಆ ರೀತಿಯ ಚಿಕಿತ್ಸೆಯಾದವರ ಆ ತೋಳಿನಲ್ಲಿ ರಕ್ತದೊತ್ತಡವನ್ನು ಅಳೆದರೆ ಇರುವುದಕ್ಕಿಂತ ಬಹಳ ಕಡಮೆ ತೋರುತ್ತದೆ. ಯಾವ ತೋಳನ್ನು ಹಿಡಿಯಬೇಕೆಂಬುದನ್ನು ದಾದಿಗೆ ಹೇಳಬಲ್ಲುದು ಆ ಹಳೆಯ ಚೀಟಿಯೇ.