ಹಾರ್ಡ್ ಡಿಸ್ಕ್ ಕಾಣದಿದ್ದರೆ ಏನು ಮಾಡಬೇಕು?

ಈ ಸಲ ನಾನು ವಿಜ್ಞಾನದ ವಿಷಯ ಬರೆದಿದ್ದೇನೆ. ಇದು ಪುಸ್ತಕದಲ್ಲಿ ಓದಿದ್ದಲ್ಲ, ನಮ್ಮ ಮನೆಯಲ್ಲೇ ನಡೆದದ್ದು.

ನಮ್ಮ ಟಿ.ವಿ. ಹಿಂದೆ ಒಂದು ಚಿಕ್ಕ ಕಂಪ್ಯೂಟರ್ ಇದೆ. ಅದರ ಹೆಸರು ರಾಸ್ಪ್‌ಬೆರಿ ಪೈ. ಅಂಗೈಯಲ್ಲಿ ಹಿಡಿಯುವಷ್ಟೇ ಇದೆ. ವಾಡಿಯಲ್ಲಿರುವ ನಮ್ಮ ಕಾಕಾ ಅದನ್ನು ಜೋಡಿಸಿಕೊಟ್ಟಿದ್ದಾರೆ. ಅದರಲ್ಲಿ ಕೋಡಿ ಎಂಬ ತಂತ್ರಾಂಶ ಇದೆ. ಸಿನೆಮಾ, ಹಾಡು, ಫೋಟೋ ಎಲ್ಲವನ್ನೂ ಟಿ.ವಿ. ಮೇಲೆ ತೋರಿಸುವುದೇ ಅದರ ಕೆಲಸ. ಆದರೆ ಇವೆಲ್ಲ ಇರುವುದು ಆ ಕಂಪ್ಯೂಟರಿನಲ್ಲಿ ಅಲ್ಲ, ಪಕ್ಕದಲ್ಲಿ ವೈರಿನಿಂದ ಹಚ್ಚಿದ ಹಾರ್ಡ್ ಡಿಸ್ಕಿನಲ್ಲಿ.

ನಮ್ಮ ಡಿಸ್ಕಿನಲ್ಲಿ ಸಿನೆಮಾಕ್ಕಿಂತ ದೊಡ್ಡದು ಒಂದಿದೆ. ನಮ್ಮ ಮುತ್ಯಾ ತತ್ವಪದ ಹಾಡುತ್ತಿದ್ದರು. ಅಮಾವಾಸ್ಯೆ ಭಜನೆಗೆ ಚಿತ್ತಾಪುರ, ಚಿಂಚೋಳಿ ಕಡೆಯ ಊರುಗಳಿಗೂ ಹೋಗುತ್ತಿದ್ದರು. ಕಡಕೋಳ ಮಡಿವಾಳಪ್ಪನವರ ಪದ ಎಂದರೆ ಅವರಿಗೆ ಬಹಳ ಪ್ರೀತಿ. ಕಾಕಾ ಅವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಡಿಸ್ಕಿಗೆ ಹಾಕಿದ್ದರು. ಹೋದ ವರ್ಷ ಮುತ್ಯಾ ತೀರಿಕೊಂಡರು. ಆ ಪದಗಳು ಬೇರೆ ಎಲ್ಲೂ ಇರಲಿಲ್ಲ.

ಮಳೆಗಾಲದ ಒಂದು ಸಂಜೆ ನಮ್ಮ ಆಯಿ, "ತಮ್ಮಾ, ನಿಮ್ಮ ಮುತ್ಯಾನ ಪದ ಹಚ್ಚು" ಅಂದರು. ಟಿ.ವಿ. ಚಾಲು ಮಾಡಿದೆ. ಕೋಡಿ ಬಂತು. ಡಿಸ್ಕ್ ಮಾತ್ರ ಕಾಣಲಿಲ್ಲ. ಎರಡು ಮೂರು ಸಲ ಬಂದ್ ಮಾಡಿ ಚಾಲು ಮಾಡಿದರೂ ಇಲ್ಲ. ಆಯಿ ಏನೂ ಅನ್ನದೆ ಒಳಗೆ ಹೋದರು.

ಡಿಸ್ಕಿನ ಒಳಗೆ ಏನಿದೆ?

ಹಾರ್ಡ್ ಡಿಸ್ಕಿನ ಒಳಗೆ ಕನ್ನಡಿಯಂತೆ ಹೊಳೆಯುವ ದುಂಡನೆಯ ತಟ್ಟೆ ಇರುತ್ತದೆ. ಸಣ್ಣ ಮೋಟಾರು ಅದನ್ನು ತಿರುಗಿಸುತ್ತದೆ. ಇಂಥ ಬಹಳಷ್ಟು ಡಿಸ್ಕುಗಳು ನಿಮಿಷಕ್ಕೆ 5400 ಸುತ್ತು ತಿರುಗುತ್ತವೆ. ಅಂದರೆ ಸೆಕೆಂಡಿಗೆ 90 ಸುತ್ತು! ತಟ್ಟೆಯ ಮೇಲೆ 'ಹೆಡ್' ಎಂಬ ಸಣ್ಣ ಭಾಗ ಆಚೆ ಈಚೆ ಓಡಾಡುತ್ತ ಅಯಸ್ಕಾಂತದ ಗುರುತುಗಳನ್ನು ಓದುತ್ತದೆ. ಅದು ತಟ್ಟೆಗೆ ತಾಗುವುದಿಲ್ಲ, ಗಾಳಿಯ ಮೇಲೆ ತೇಲುತ್ತದೆ. ನಡುವಿನ ಜಾಗ ನಮ್ಮ ತಲೆಗೂದಲಿಗಿಂತ ಎಷ್ಟೋ ಪಾಲು ಕಡಿಮೆ. ಆದ್ದರಿಂದ ತಿರುಗುವ ಡಿಸ್ಕನ್ನು ಅಲ್ಲಾಡಿಸಬಾರದು, ಬೀಳಿಸಲೇಬಾರದು.

ಜಗತ್ತಿನ ಮೊದಲ ಹಾರ್ಡ್ ಡಿಸ್ಕನ್ನು 1956ರಲ್ಲಿ ಅಮೆರಿಕದ ಐ.ಬಿ.ಎಂ. ಕಂಪನಿ ತಂದಿತು. ಅದರಲ್ಲಿ 24 ಇಂಚು ಅಗಲದ 50 ತಟ್ಟೆಗಳಿದ್ದವು. ಅಷ್ಟು ದೊಡ್ಡದಾದರೂ ಅದರಲ್ಲಿ ಹಿಡಿಯುತ್ತಿದ್ದದ್ದು ಈಗಿನ ಒಂದು ಹಾಡಿನಷ್ಟೇ.

ನಾವು ಮಾಡಿದ ಪರೀಕ್ಷೆಗಳು

ಮೊದಲು ಕಿವಿಗೊಟ್ಟು ಕೇಳಿದೆವು. ಡಿಸ್ಕಿನ ದೀಪ ಹತ್ತುತ್ತಿತ್ತು. ಗುಂಯ್ ಎಂದು ತಿರುಗಲು ಶುರುವಾಗಿ 'ಟಕ್' ಎಂದು ನಿಲ್ಲುತ್ತಿತ್ತು. ಮತ್ತೆ ಗುಂಯ್, ಮತ್ತೆ ಟಕ್.

ಎರಡನೆಯದಾಗಿ ವೈರ್ ಬದಲು ಮಾಡಿದೆವು. ಬೇರೆ ಕಿಂಡಿಗೂ ಹಚ್ಚಿ ನೋಡಿದೆವು. ಅದೇ ಟಕ್.

ಮೂರನೆಯದಾಗಿ ಅಕ್ಕ ಮತ್ತು ನಾನು ಡಿಸ್ಕನ್ನು ಟವೆಲಿನಲ್ಲಿ ಸುತ್ತಿಕೊಂಡು ಸೇಡಂಗೆ ಹೋದೆವು. ಅಲ್ಲಿ ಒಂದು ಅಂಗಡಿಯ ಕಂಪ್ಯೂಟರಿಗೆ ಹಚ್ಚಿದರು. ಒಂದು ವಿಷಯ ನಾನು ಗಮನಿಸಿದೆ. ಅಲ್ಲಿ ಟಕ್ ಶಬ್ದ ಬರಲಿಲ್ಲ, ಡಿಸ್ಕ್ ಸರಿಯಾಗಿ ತಿರುಗಿತು. ಆದರೆ ಪರದೆ ಮೇಲೆ, ಇದನ್ನು ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು ಎಂದು ಇಂಗ್ಲಿಷಿನಲ್ಲಿ ಬಂತು.

"ಡಿಸ್ಕ್ ಖರಾಬ್ ಆಗ್ಯಾದ. ಫಾರ್ಮ್ಯಾಟ್ ಹೊಡಿಬೇಕು" ಅಂದರು ಅಂಗಡಿಯವರು.

"ಅದರಾಗಿಂದು ಎಲ್ಲಾ ಹೋಗ್ತದೇನ್ರಿ ಅಣ್ಣಾ?" ಅಂತ ಅಕ್ಕ ಕೇಳಿದಳು.

"ಹೋಗ್ತದ. ಆದ್ರ ಡಿಸ್ಕ್ ಉಳೀತದ."

ಅಕ್ಕ "ತಡೀರಿ" ಅಂದವಳೇ ಕಾಕಾನಿಗೆ ಫೋನ್ ಹಚ್ಚಿದಳು. ಕಾಕಾ ಗಾಬರಿಯಾಗಿ, "ಬ್ಯಾಡ ಬ್ಯಾಡ! ಏನೂ ಒತ್ತಬ್ಯಾಡ್ರಿ, ಮನೀಗಿ ತರ್ರಿ" ಅಂದರು.

ಓದಲು ಬಾರದ ಲಿಪಿ

ಕಾಕಾ ಹೇಳಿದ್ದು ಹೀಗೆ. ಡಿಸ್ಕಿನಲ್ಲಿ ಕಡತಗಳನ್ನು ಬರೆದಿಡುವ ಪದ್ಧತಿಗಳು ಹಲವು ಇವೆ. ಅಂಗಡಿಯಲ್ಲಿದ್ದದ್ದು ವಿಂಡೋಸ್ ಕಂಪ್ಯೂಟರ್. ಅದು ಎನ್‌ಟಿಎಫ್‌ಎಸ್, ಎಕ್ಸ್‌ಫ್ಯಾಟ್ ಎಂಬ ಪದ್ಧತಿಗಳನ್ನು ಓದುತ್ತದೆ. ನಮ್ಮ ಡಿಸ್ಕನ್ನು ಕಾಕಾ ಲಿನಕ್ಸಿನ ಇಎಕ್ಸ್‌ಟಿ4 ಪದ್ಧತಿಯಲ್ಲಿ ಸಿದ್ಧ ಮಾಡಿದ್ದರು. ಅದನ್ನು ವಿಂಡೋಸ್ ತಾನಾಗಿ ಓದಲಾರದು. ತನಗೆ ಓದಲು ಬಾರದ್ದನ್ನು ಅದು ಖಾಲಿ ಎಂದು ತಿಳಿದು ಅಳಿಸಲೇ ಎಂದು ಕೇಳುತ್ತದೆ.

ನಮ್ಮ ಭಾಗ 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಆಡಳಿತದಲ್ಲಿತ್ತು. ಆಗಿನ ಸರಕಾರಿ ಕಾಗದಪತ್ರ ಉರ್ದುವಿನಲ್ಲಿ ಇರುತ್ತಿದ್ದವು. ಹಳೇ ಹೊಲದ ಕಾಗದ ಸಿಕ್ಕರೆ, ನಮಗೆ ಉರ್ದು ಬರುವುದಿಲ್ಲ ಎಂದು ಒಲೆಗೆ ಹಾಕುತ್ತೇವೆಯೇ? ಓದಲು ಬರುವವರ ಹತ್ತಿರ ಒಯ್ಯುತ್ತೇವೆ. ಡಿಸ್ಕಿಗೂ ಹಾಗೆಯೇ ಮಾಡಬೇಕು.

ತಪ್ಪು ನನ್ನದೇ

ಹಾಗಾದರೆ ಮನೆಯಲ್ಲಿ ಯಾಕೆ ತಿರುಗಲಿಲ್ಲ? ಮನೆಗೆ ಬಂದ ಮೇಲೆ ಕಾಕಾ ಮತ್ತೆ ಫೋನ್ ಮಾಡಿ, "ಟಿ.ವಿ. ಮೂಲ್ಯಾಗ ಹಳದಿ ಮಿಂಚಿನ ಗುರ್ತು ಬರ್ತದೇನು?" ಅಂದರು. ನೋಡಿದೆ. ಬರುತ್ತಿತ್ತು.

"ಅಡಾಪ್ಟರ್ ಯಾವುದು ಹಚ್ಚಿ?"

ನಾನು ಸುಮ್ಮನೆ ನಿಂತೆ. ಆಮೇಲೆ ಹೇಳಲೇಬೇಕಾಯಿತು. ಎರಡು ದಿನದ ಹಿಂದೆ ಗುಡುಗು ಮಿಂಚು ಬಂದಾಗ ನಾನು ಪ್ಲಗ್ ತೆಗೆದಿರಲಿಲ್ಲ. ಅಸಲಿ ಅಡಾಪ್ಟರ್ ಸುಟ್ಟಿತ್ತು. ಬೈತಾರೆ ಅಂತ ಹೆದರಿ ಹಳೇ ಮೊಬೈಲ್ ಚಾರ್ಜರ್ ಹಚ್ಚಿದ್ದೆ. ಕೋಡಿ ಬಂದದ್ದರಿಂದ ಎಲ್ಲಾ ಸರಿ ಇದೆ ಅಂದುಕೊಂಡಿದ್ದೆ.

ಅಸಲಿ ಅಡಾಪ್ಟರ್ 3 ಆಂಪಿಯರ್ ಕೊಡುತ್ತಿತ್ತು. ನಾನು ಹಚ್ಚಿದ್ದು 1 ಆಂಪಿಯರಿನದು. ಕಂಪ್ಯೂಟರಿಗೂ ಅದರಲ್ಲೇ, ಡಿಸ್ಕಿಗೂ ಅದರಲ್ಲೇ. ಭಾರ ತುಂಬಿದ ಬಂಡಿಗೆ ಮೊದಲ ಎಳೆತವೇ ಕಷ್ಟ, ಉರುಳಲು ಶುರುವಾದರೆ ಸುಲಭ. ಹಾಗೆಯೇ ಡಿಸ್ಕಿಗೂ ತಿರುಗಲು ಶುರುವಾಗುವಾಗಲೇ ಹೆಚ್ಚು ಕರೆಂಟ್ ಬೇಕು, ಸುಮಾರು 1 ಆಂಪಿಯರ್. ಅದು ಸಿಗದೆ ನಿಲ್ಲುತ್ತಿತ್ತು. ಅದೇ ಟಕ್! 5 ವೋಲ್ಟ್ ಇರಬೇಕಾದದ್ದು 4.63ಕ್ಕಿಂತ ಕೆಳಗೆ ಇಳಿದರೆ ಆ ಮಿಂಚಿನ ಗುರುತು ಬರುತ್ತದೆ. ಎಚ್ಚರಿಕೆ ಟಿ.ವಿ. ಮೇಲೆಯೇ ಇತ್ತು, ನಾನು ಲಕ್ಷ್ಯ ಕೊಟ್ಟಿರಲಿಲ್ಲ.

ರವಿವಾರ ಕಾಕಾ ವಾಡಿಯಿಂದ ರೈಲಿನಲ್ಲಿ ಬಂದರು. ಹೊಸ ಅಡಾಪ್ಟರ್ ಹಚ್ಚಿದರು. ಡಿಸ್ಕ್ ಗುಂಯ್ ಎಂದು ತಿರುಗುತ್ತಲೇ ಇತ್ತು. ಮೊದಲು ಅದರಲ್ಲಿ ಬರೆದದ್ದು ಸರಿ ಇದೆಯೋ ಎಂದು ಪರೀಕ್ಷೆ ಮಾಡಿದರು. ಮುತ್ಯಾನ ಪದ ಎಲ್ಲಾ ಇದ್ದವು. ಕಾಕಾ ನನಗೆ ಬೈಯಲಿಲ್ಲ. "ಸುಟ್ಟದ್ದು ಅಡಾಪ್ಟರ್, ಮುಚ್ಚಿಟ್ಟದ್ದು ನೀ. ಫಾರ್ಮ್ಯಾಟ್ ಆಗಿದ್ರ ಯಾರು ಕೊಡ್ತಿದ್ರು?" ಅಂದರು. ಬೈದಿದ್ದರೇ ಚಲೋ ಇತ್ತು ಅನಿಸಿತು.

ನೆನಪಿಡಿರಿ

1. ಡಿಸ್ಕ್ ಕಾಣದಿದ್ದರೆ ಮೊದಲು ದೀಪ ನೋಡಿರಿ, ಶಬ್ದ ಕೇಳಿರಿ.
2. ವೈರ್ ಮತ್ತು ಕಿಂಡಿ ಬದಲು ಮಾಡಿ ನೋಡಿರಿ.
3. ಅಡಾಪ್ಟರ್ ಮೇಲೆ ಬರೆದ ವೋಲ್ಟ್, ಆಂಪಿಯರ್ ಓದಿರಿ. ಸಿಕ್ಕ ಚಾರ್ಜರ್ ಹಚ್ಚಬೇಡಿರಿ.
4. ಫಾರ್ಮ್ಯಾಟ್ ಮಾಡಲೇ ಎಂದು ಕೇಳಿದರೆ ಬೇಡ ಎನ್ನಿರಿ. ತಿಳಿದವರನ್ನು ಕೇಳಿರಿ.
5. ಕರೆಂಟ್ ಸರಿ ಇದ್ದರೂ ಟಕ್ ಟಕ್ ನಿಲ್ಲದಿದ್ದರೆ ಕೂಡಲೇ ಬಂದ್ ಮಾಡಿರಿ. ಆಗ ಡಿಸ್ಕಿನ ಒಳಗೇ ಏನೋ ಕೆಟ್ಟಿರಬಹುದು.
6. ಡಿಸ್ಕ್ ಕೀಳುವ ಮೊದಲು ಪರದೆಯಲ್ಲಿ ತೆಗೆಯುವ ಆಜ್ಞೆ ಕೊಡಿರಿ. ಗುಡುಗಿದರೆ ಪ್ಲಗ್ ತೆಗೆಯಿರಿ.
7. ಬೇಕಾದದ್ದನ್ನು ಒಂದೇ ಕಡೆ ಇಡಬೇಡಿರಿ.

ಈಗ ಮುತ್ಯಾನ ಪದಗಳ ಒಂದು ಪ್ರತಿ ಕಾಕಾನ ಹತ್ತಿರ, ಇನ್ನೊಂದು ಶಹಾಬಾದಿನ ಅತ್ತೆಯ ಮನೆಯಲ್ಲಿ ಪೆನ್ ಡ್ರೈವಿನಲ್ಲಿ ಇದೆ. ಆ ರವಿವಾರ ರಾತ್ರಿ ಆಯಿ ಕೌದಿ ಹೊಲಿಯುತ್ತ ಎಲ್ಲಾ ಪದ ಕೇಳಿದರು. ಒಂದು ಪದದ ನಡುವೆ ಮುತ್ಯಾ ಕೆಮ್ಮಿ, "ನೀರು ಕೊಡ್ರೋ" ಅಂತಾರೆ. ಆಯಿ ನಕ್ಕರು. ಆ ಪದವನ್ನೇ ಮತ್ತೊಮ್ಮೆ ಹಚ್ಚಿಸಿದರು.

ನಿಮ್ಮ ಮನೆಯಲ್ಲೂ ಹಾಡುವ ಮುತ್ಯಾ, ಆಯಿ ಇದ್ದರೆ ಇವತ್ತೇ ರೆಕಾರ್ಡ್ ಮಾಡಿ ಎರಡು ಕಡೆ ಇಡಿರಿ. ತಾಳಿದವನು ಬಾಳಿಯಾನು ಎಂಬ ಗಾದೆ ಡಿಸ್ಕಿನ ವಿಷಯದಲ್ಲೂ ಸುಳ್ಳಲ್ಲ.

— ಏಳನೇ ತರಗತಿಯ ವಿದ್ಯಾರ್ಥಿ